ರಂಭಾಬಾಯಿ ಹುಡುಕಿದ ಚಿಗಟ

ಉದಗೀರ ಕಡೆಯ ವಲಾಂಡಿ ಹಳ್ಳಿಯಲ್ಲಿ ಯಾರ ಕಾಲಿಗೆ ಮುಳ್ಳು ಚುಚ್ಚಿದರೂ ರಂಭಾಬಾಯಿಯ ಮನೆಗೆ ಬರುತ್ತಿದ್ದರು. ಅರವತ್ತು ದಾಟಿದ ಆಕೆ ಸೂಜಿ ಕಾಸಿ, ಕನ್ನಡಕವಿಲ್ಲದೆಯೇ ಮುಳ್ಳನ್ನು ಎಬ್ಬಿಸಿ ಅಂಗೈ ಮೇಲಿಟ್ಟು ತೋರಿಸುತ್ತಿದ್ದಳು. ಮುಳ್ಳು ಕಣ್ಣಿಗೆ ಬೀಳುವತನಕ ಬಿಡುತ್ತಿರಲಿಲ್ಲ.

ಆ ವರ್ಷ ದೀಪಾವಳಿ ಮುಗಿದ ಮೇಲೆ, ಸೋಯಾ ಚೀಲ ಪೇರಿಸಿದ್ದ ಒಳಕೋಣೆಯಲ್ಲಿ ಇಲಿಗಳು ಸಾಯತೊಡಗಿದವು. ಮಗ ಋಷಿಕೇಶ ಪಾಷಾಣ ಇಟ್ಟಿದ್ದ. ರಂಭಾಬಾಯಿಯೇ ಅವನ್ನು ಬಾಲ ಹಿಡಿದು ಹೊರಗೆ ಒಗೆದಳು. ಇಲಿ ಸತ್ತ ಮೇಲೆ ಅವುಗಳ ಮೈಮೇಲಿದ್ದ ಚಿಗಟಗಳು ಮನುಷ್ಯರ ಕಾಲಿಗೆ ಹಾರಿದವು. ಆಕೆಯ ಕಣಕಾಲ ಸುತ್ತ ಕೆಂಪು ಗುಳ್ಳೆ ಎದ್ದವು.

ಒಂದು ಮಧ್ಯಾಹ್ನ ಸೊಸೆ ಮೀನಲ ಅಂಗಳಕ್ಕೆ ಬಂದಾಗ, ಅತ್ತೆ ತನ್ನ ಕಾಲಿಗೇ ಸೂಜಿ ಹಾಕಿ ಕೆದಕುತ್ತಿದ್ದಳು. ಪಾದದತನಕ ರಕ್ತ ಇಳಿದಿತ್ತು.

“ಅತ್ತಿ, ಏನ್ ಮಾಡ್ಲತ್ತೀರಿ?”

“ಚಿಗಟ ಒಳಗ ಹೊಕ್ಕಾವ. ಹರದಾಡೋದು ಗೊತ್ತಾಗ್ಲತ್ಯಾದ.”

“ಏನೂ ಕಾಣವಲ್ದಲ್ರಿ.”

“ಆಳಕ್ಕ ಹೋಗ್ಯಾವ.”

ಪಕ್ಕದ ಮನೆಯ ಯೋಗಿತಾಳಿಗೂ ಗುಳ್ಳೆಗಳಿದ್ದವು. ರಂಭಾಬಾಯಿಯ ಮಾತು ಕೇಳಿ ಆಕೆಯೂ ಹೆದರಿ ಕಾಲು ಚಾಚಿ ಕುಳಿತಳು. ರಂಭಾಬಾಯಿ ಮೂರು ಕಡೆ ಕೆದಕಿ ನೋಡಿದಳು. ಏನೂ ಸಿಗಲಿಲ್ಲ.

ಹತ್ತು ದಿನಕ್ಕೆ ರಂಭಾಬಾಯಿಗೆ ಜ್ವರ ಏರಿತು. ತಲೆ ಸಿಡಿಯುತ್ತಿತ್ತು. ಎದೆ, ಹೊಟ್ಟೆಯ ಮೇಲೆ ಕೆಂಪು ಚುಕ್ಕೆ ಮೂಡಿದವು. ಮಗ, ಸೊಸೆ ಸೇರಿ ಉದಗೀರಿನ ಡಾಕ್ಟರ್ ನೀಲಕಂಠರ ಬಳಿ ಕರೆದೊಯ್ದರು. ಅವರು ಕಾಲಿನ ಗಾಯಗಳನ್ನು ಬಹಳ ಹೊತ್ತು ನೋಡಿದರು. ಮನೆಯಲ್ಲಿ ಇಲಿ ಸತ್ತವೇ ಎಂದು ಕೇಳಿ ತಿಳಿದುಕೊಂಡರು.

“ನಮ್ಮ ಕಡಿ ಚಿಗಟ ಚರ್ಮದೊಳಗ ಹೋಗಲ್ರಿ, ಮಾವಶಿ. ಕಚ್ಚಿ, ರಗತ ಕುಡದು, ಜಿಗದು ಹೋಗ್ತಾವ. ಚರ್ಮ ಕೊರದು ಕೂಡೋ ಜಾತಿ ಬ್ಯಾರೆ ದೇಶದಾಗ ಅದಾವ.”

“ಮತ್ತ ನನ್ನ ಒಳಗ ಹೊಕ್ಕಿದ್ದೇನು?”

“ಕಚ್ಚಿದಲ್ಲೇ ಅದು ಹೊಲಸು ಮಾಡ್ತದ. ನೀವು ಕೆರಕೊಂಡ್ರಿ, ಸೂಜಿ ಹಾಕಿದ್ರಿ. ಆ ಹೊಲಸು ರಗತದಾಗ ಕೂಡ್ತು. ಇದು ಇಲಿ ಚಿಗಟದಿಂದ ಬರೋ ಜ್ವರ ಇದ್ದಂಗದ.” ಅವರು ಚೀಟಿ ಬರೆಯುವುದನ್ನು ನಿಲ್ಲಿಸಿದರು. “ಬ್ಯಾರೆ ಯಾರಿಗಾದ್ರೂ ಹಿಂಗ ಕೆದಕೀರೇನು?”

ರಂಭಾಬಾಯಿ ಗೋಡೆ ನೋಡುತ್ತ ಯೋಗಿತಾಳ ಹೆಸರು ಹೇಳಿದಳು.

ಮೀನಲ ಅಲ್ಲಿಂದಲೇ ಫೋನ್ ಹಚ್ಚಿದಳು. ಯೋಗಿತಾಳ ಅತ್ತೆ ಎತ್ತಿದಳು. “ಆಕಿ ಜ್ವರ ಬಂದು ಮಲಗಿ ನಾಕ್ ದಿನ ಆತು. ದೃಷ್ಟಿ ತೆಗದೀವಿ. ಈಗ ಕರದ್ರ ಓ ಅನವಲ್ಲಳು.”

ಮಾತ್ರೆ ಶುರುವಾದ ಮೂರನೆಯ ದಿನ ರಂಭಾಬಾಯಿಯ ಜ್ವರ ಇಳಿಯಿತು. ಯೋಗಿತಾಳನ್ನು ಲಾತೂರಿಗೆ ಒಯ್ಯಬೇಕಾಯಿತು. ಎರಡು ದಿನ ಆಕೆಗೆ ಎಚ್ಚರವಿರಲಿಲ್ಲ. ಅಷ್ಟರಲ್ಲಿ ಆರೋಗ್ಯ ಇಲಾಖೆಯವರು ಓಣಿಗೆ ಬಂದು ಚಿಗಟ ಸಾಯುವ ಪುಡಿ ಉದುರಿಸಿದರು. ಇನ್ನೂ ನಾಲ್ಕು ಮನೆಗಳಲ್ಲಿ ಅಂಥದೇ ಜ್ವರ ಪತ್ತೆಯಾಯಿತು.

ಹದಿನೆಂಟು ದಿನದ ಮೇಲೆ ಯೋಗಿತಾ ಗೋಡೆ ಹಿಡಿದು ನಡೆಯುತ್ತ ಮನೆಗೆ ಬಂದಳು. ರಂಭಾಬಾಯಿ ಹೋಗಿ ಅವಳ ಪಕ್ಕ ಕುಳಿತಳು.

“ನನ್ನಿಂದ ತಪ್ಪಾತವ್ವ.”

ಯೋಗಿತಾ ತನ್ನ ಕಾಲು ನೀವಿಕೊಂಡಳು. “ನನಗ ಇನ್ನಾ ಕಾಲಾಗ ಹರದಾಡ್ದಂಗ ಆಗ್ತದ, ಆಯಿ. ಏನೂ ಇಲ್ಲಂತ ಡಾಕ್ಟರ್ ಹೇಳ್ಯಾರ. ನಿಮಗ ಹಂಗ ಆಗ್ತದೇನ್ರಿ?”

ರಂಭಾಬಾಯಿ ಕಾಲಿನ ಹಸಿ ಗಾಯ ಮುಚ್ಚುವಂತೆ ಸೀರೆಯ ಅಂಚು ಪಾದದತನಕ ಎಳೆದುಕೊಂಡಳು.

“ಇಲ್ಲವ್ವ,” ಎಂದಳು.