ಲೋಟದ ನೀರು ಅಲುಗಲಿಲ್ಲ

ಮೊನ್ನೆ ಮಧ್ಯಾಹ್ನ ಊಟ ಮುಗಿಸಿ ಕೂತಿದ್ದೆ. ಇದ್ದಕ್ಕಿದ್ದಂತೆ ಕೂತ ಕುರ್ಚಿಯೇ ಗಡಗಡ ನಡುಗಿದ ಹಾಗಾಯಿತು. ನನ್ನ ಕಣ್ಣು ತಾನಾಗಿಯೇ ಎದುರಿಗಿದ್ದ ಹಿತ್ತಾಳೆ ಲೋಟದ ಕಡೆ ಹೋಯಿತು. ಲೋಟದ ತುಂಬ ನೀರಿತ್ತು, ನೀರಿನ ಮೇಲೆ ಒಂದು ಸುಕ್ಕೂ ಇರಲಿಲ್ಲ. ನಮ್ಮೂರ ಚಿನ್ನದ ಗಣಿ ಮುಚ್ಚಿ ಎಷ್ಟೋ ವರ್ಷವಾಯಿತು, ಭೂಮಿ ಯಾಕೆ ನಡುಗೀತು? ನಡುಗುತ್ತಿದ್ದದ್ದು ನನ್ನ ಎದೆ. ಈ ವಯಸ್ಸಿಗೆ ಅದು ಗೊತ್ತಾದಾಗ ಹೆದರಿಕೆ ಆಗಬೇಕು. ನನಗೆ ನಗು ಬಂತು! "ಅಕ್ಕಾ, ಲೋಟ ನೋಡೇ!" ಅಂತ ಜೋರಾಗಿಯೇ ಅಂದೆ. ಒಳಗಿದ್ದ ಸೊಸೆ, "ಯಾರ ಹತ್ರ ಮಾತಾಡ್ತಿದೀರಿ ಅತ್ತೆ?" ಅಂತ ಓಡಿ ಬಂದಳು.

ಅಕ್ಕ ಅಂದರೆ ಒಡಹುಟ್ಟಿದವಳಲ್ಲ. ಚಾಂಪಿಯನ್ ರೀಫ್ಸ್‌ನ ಗಣಿ ಕೆಲಸಗಾರರ ಲೈನ್ ಮನೆಗಳಲ್ಲಿ ನಮ್ಮ ಪಕ್ಕದ ಮನೆಯವಳು. ಎರಡು ಮನೆಗೂ ನಡುವೆ ಒಂದೇ ಒಂದು ಬಿದಿರಿನ ತಟ್ಟಿ. ಅವಳ ಮನೆಯ ಒಗ್ಗರಣೆಗೆ ನಾನು ಸೀನುತ್ತಿದ್ದೆ, ನಮ್ಮ ಮನೆಯ ಜಗಳಕ್ಕೆ ಅವಳು ತೀರ್ಪು ಕೊಡುತ್ತಿದ್ದಳು. ಇಬ್ಬರೂ ಬಂಗಾರಪೇಟೆ ಸುತ್ತಿನ ಹಳ್ಳಿಗಳಿಂದ ಮದುವೆಯಾಗಿ ಬಂದವರು, ಅವಳು ನನಗಿಂತ ಕೆಲವು ವರ್ಷ ಮೊದಲು. ಇಬ್ಬರ ಗಂಡಂದಿರೂ ಗಣಿಯ ಒಳಗೆ ಇಳಿಯುತ್ತಿದ್ದರು. ಅವಳ ಗಂಡನನ್ನು ನಾನು ಬಾವ ಅನ್ನುತ್ತಿದ್ದೆ. ಅವಳ ಅತ್ತೆಯನ್ನು ಇಡೀ ಲೈನೇ ಅತ್ತಮ್ಮ ಅನ್ನುತ್ತಿತ್ತು, ಸ್ವಲ್ಪ ಭಯದಿಂದ.

ನಮ್ಮೂರಲ್ಲಿ ಆಗ ಭೂಮಿ ನಡುಗುತ್ತಿತ್ತು. ನೆಲದಡಿ ಎಷ್ಟೋ ಆಳದಲ್ಲಿ ಬಂಡೆ ಸಿಡಿದರೆ ಮೇಲೆ ನಮ್ಮ ಅಡುಗೆ ಮನೆಯ ತಟ್ಟೆ ಲೋಟಗಳೆಲ್ಲ ಗಿಲಗಿಲ ಅನ್ನುತ್ತಿದ್ದವು. ಮೊದಲ ಸಲ ನಡುಗಿದಾಗ ನಾನು ಅಳುತ್ತಾ ಬೀದಿಗೆ ಓಡಿದ್ದೆ. ಅಕ್ಕನೇ ಕೈಹಿಡಿದು ಒಳಗೆ ಕರೆತಂದಳು. "ಎದರ್ಕಬ್ಯಾಡ ಕಣೇ. ಒಳಗೆ ಕಲ್ಲು ಸಿಡೀತದೆ. ಸಲ್ಪ ಒತ್ಗೆ ಸರಿ ಓಗ್ತದೆ," ಅಂದಳು.

ಆಮೇಲೆ ಒಂದು ವಿಚಿತ್ರ ಶುರುವಾಯಿತು. ಕೆಲವು ದಿನ ತಟ್ಟಿಯ ಆಚೆಯಿಂದ, "ಈಗ ನಡುಗ್ತು, ನೋಡ್ದಾ?" ಅನ್ನುವಳು. ನನಗೆ ಏನೂ ಗೊತ್ತಾಗಿರುತ್ತಿರಲಿಲ್ಲ. ಹಳಬಳಲ್ಲವಾ, ಸಣ್ಣ ನಡುಕವೂ ಅವಳಿಗೆ ತಿಳಿಯುತ್ತದೆ ಅಂದುಕೊಂಡೆ. ಹೊಸಬಳು, ಇನ್ನೂ ಅಭ್ಯಾಸವಾಗಿಲ್ಲ ಅಂತ ಅವಳು ಅಂದುಕೊಂಡಳು. ಇಬ್ಬರೂ ಹಾಗೇ ಒಪ್ಪಿಕೊಂಡು ಸುಮ್ಮನಿದ್ದೆವು!

ಅವಳಿಗೆ ನೀರಿನ ಬಿಂದಿಗೆ ಹೊರುವುದು ಆಗುತ್ತಿರಲಿಲ್ಲ. ನಲ್ಲಿಯಿಂದ ಮನೆಗೆ ಬರುವಷ್ಟರಲ್ಲಿ ಮತ್ತೆ ಮತ್ತೆ ಇಳಿಸಿ, ಸೊಂಟಕ್ಕೆ ಕೈಕೊಟ್ಟು ನಿಲ್ಲುವಳು. ಮಲಗಿದರೆ ಉಸಿರು ಕಟ್ಟುತ್ತದೆ ಅಂತ ತಟ್ಟಿಗೆ ಒರಗಿ ಕೂತೇ ನಿದ್ದೆ ಮಾಡುವಳು. ಅತ್ತಮ್ಮನಿಗೆ ಇದೆಲ್ಲ ಮೈಗಳ್ಳತನ. "ಕುಣೀಲಾರದೋಳು ನೆಲ ಡೊಂಕು ಅಂದ್ಳಂತೆ. ನಮ್ಮೋಳು ನೆಲ ನಡುಗ್ತದೆ ಅಂತಾಳೆ!" ಅಂತ ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದಳು. ನಾವೂ ನಕ್ಕುಬಿಡುತ್ತಿದ್ದೆವು, ಅಕ್ಕನೂ ಸೇರಿ.

ಒಂದು ಮಧ್ಯಾಹ್ನ ನಮ್ಮ ಮನೆಯಲ್ಲಿ ಕೂತು ಇಬ್ಬರೂ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದೆವು. ಅಕ್ಕ ತಟ್ಟನೆ ಚಾಪೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಅಯ್ಯೋ, ಬತ್ತು ಕಣೇ! ದೊಡ್ಡದೇ ಬತ್ತು!" ಅಂದಳು. ನಮ್ಮಿಬ್ಬರ ನಡುವೆ ಈ ಲೋಟ ಇತ್ತು, ಇದೇ ಹಿತ್ತಾಳೆ ಲೋಟ, ಕಂಠದವರೆಗೆ ನೀರು. ನಾನು ಅದನ್ನೇ ನೋಡಿದೆ. ನೀರು ಅಲುಗಲಿಲ್ಲ.

"ಅಕ್ಕಾ, ನೀರು ನೋಡು," ಅಂದೆ.

ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕೈ ಎಳೆದುಕೊಂಡು ತನ್ನ ಎಡಗಡೆ ಎದೆಯ ಮೇಲೆ ಇಟ್ಟುಕೊಂಡಳು. ಮಜ್ಜಿಗೆ ಕಡೆಯುವಾಗ ಮಡಕೆಯ ಮೇಲೆ ಕೈಯಿಟ್ಟರೆ ಹೇಗಿರುತ್ತದೋ ಹಾಗೆ ಗರಗರ ಅನ್ನುತ್ತಿತ್ತು... ಇವತ್ತಿಗೂ ಅಂಗೈಯಲ್ಲಿ ಅದು ಇದೆ. "ಅಂಗಾದ್ರೆ ಇಷ್ಟ್ ದಿನ ನಡುಗಿದ್ದು ನಾನಾ?" ಅಂದಳು ಅಕ್ಕ.

ಮಾರನೆಯ ದಿನವೇ ಆಸ್ಪತ್ರೆಗೆ ಹೊರಟೆವು, ಅಕ್ಕ, ಬಾವ, ನಾನು. ಡಾಕ್ಟರು ತಮಿಳಿನವರು, ನಮ್ಮೂರಿನ ಎಲ್ಲರ ಹಾಗೆ ಮೂರು ಭಾಷೆ ಕಲಸಿ ಮಾತಾಡುವವರು. ಅವಳನ್ನು ಎಡಮಗ್ಗುಲಿಗೆ ಮಲಗಿಸಿ, ಎದೆಗೆ ಸ್ಟೆತಸ್ಕೋಪ್ ಇಟ್ಟು, ಕಣ್ಣು ಮುಚ್ಚಿಕೊಂಡು ಕೇಳಿದರು. ದೂರದಲ್ಲಿ ಗುಡುಗಿದಂತೆ ಕೇಳುತ್ತದೆ ಅಂದರು. ಸಣ್ಣವಳಾಗಿದ್ದಾಗ ಜ್ವರ ಬಂದು ಮಂಡಿ ಊದಿತ್ತಾ ಅಂತ ಕೇಳಿದರು. ಊದಿತ್ತು! ಅದು ಇವರಿಗೆ ಹೇಗೆ ಗೊತ್ತಾಯಿತು ಅಂತ ನಾವು ಮುಖ ಮುಖ ನೋಡಿಕೊಂಡೆವು. ಮಂಡಿಯ ಊತ ಇಳಿದು ಹೋಗುತ್ತದೆ, ಆದರೆ ಆ ಜ್ವರ ಕೆಲವರಿಗೆ ಗುಂಡಿಗೆಯಲ್ಲಿ ಗಾಯ ಮಾಡಿ ಹೋಗುತ್ತದೆ ಅಂದರು.

ಗುಂಡಿಗೆಯಲ್ಲಿ ನಾಲ್ಕು ಕೋಣೆ, ಎಡಗಡೆ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವೆ ಎರಡು ತೆಳ್ಳಗಿನ ರೆಕ್ಕೆಯ ಬಾಗಿಲು. ಇವಳಿಗೆ ಆ ರೆಕ್ಕೆಗಳ ಅಂಚು ಒಂದಕ್ಕೊಂದು ಅಂಟಿಕೊಂಡು ಸಂದು ಕಿರಿದಾಗಿದೆ. ರಕ್ತ ಮುಂದೆ ಹೋಗಲಾರದೆ ಹಿಂದಕ್ಕೆ ಶ್ವಾಸಕೋಶದಲ್ಲಿ ತುಂಬಿಕೊಳ್ಳುತ್ತದೆ, ಅದಕ್ಕೇ ಈ ದಮ್ಮು ಅಂತ ಬಿಡಿಸಿ ಹೇಳಿದರು. ಬಾವ ಕುರ್ಚಿಯ ತುದಿಗೆ ಸರಿದು ಕೂತಿದ್ದ. "ಗಣಿ ಒಳಗೆ ಗಾಳಿ ತಿರುಗ್ಸೋಕೆ ಬಾಗ್ಲು ಇಟ್ಟಿರ್ತಾರಲ್ಲ ಸಾರ್, ಅದು ಸಿಕ್ಕಾಕ್ಕಂಡಂಗಾ?" ಅಂದ. ಡಾಕ್ಟರು ಮೇಜು ಕುಟ್ಟಿ, "ಅದೇ! ಅದೇ!" ಅಂದರು.

ಮುಂದಿನದು ಕೇಳಿ ನಮ್ಮ ಜೀವ ಬಾಯಿಗೆ ಬಂತು. ವೆಲ್ಲೂರಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಪಕ್ಕೆಲುಬಿನ ನಡುವೆ ಕೊಯ್ದು, ಬಡಿದುಕೊಳ್ಳುತ್ತಿರುವ ಗುಂಡಿಗೆಯ ಒಳಕ್ಕೇ ಬೆರಳು ತೂರಿಸಿ, ಅಂಟಿದ ಬಾಗಿಲನ್ನು ಬಿಡಿಸುತ್ತಾರೆ. ಮೇಲಿನ ಕೋಣೆಗೆ ಕಿವಿಯಂಥದ್ದೊಂದು ಇರುತ್ತದೆ, ಬೆರಳು ಹೋಗುವುದು ಅಲ್ಲಿಂದ. ಎಲ್ಲರೂ ಎದ್ದು ಬರುತ್ತಾರೆ ಅಂತ ಹೇಳಲಾರೆ, ಆದರೆ ಹೀಗೇ ಬಿಟ್ಟರೆ ಹೆಚ್ಚು ದಿನವಿಲ್ಲ, ಬಸಿರಾದರಂತೂ ತುಂಬ ಅಪಾಯ ಅಂದರು. ಕೊನೆಗೆ ಅಕ್ಕನ ತಲೆ ಮುಟ್ಟಿ, ಹೆದರಬೇಡಿ ಅನ್ನುವುದನ್ನು ತಮ್ಮ ಭಾಷೆಯಲ್ಲಿ, "ಪಯಪ್ಪಡಾದೀಂಗಮ್ಮಾ," ಅಂದರು.

ಸಂಜೆಯೊಳಗೆ ಇಡೀ ಲೈನಿಗೆ ಸುದ್ದಿ. ಬಾಯಿಗೊಂದು ಮಾತು. ಗುಂಡಿಗೆ ತೆಗೆದು ತೊಳೆದು ಇಡುತ್ತಾರಂತೆ ಅಂದವರೂ ಇದ್ದರು. ಅತ್ತಮ್ಮ ಹೊಸಿಲ ಮೇಲೆ ಕೂತು ಒಂದೇ ಹಠ. "ಬಡ್ಕಳೋ ಗುಂಡ್ಗೆಗೆ ಬೆರಳ್ ಆಕ್ತಾರಂತಾ? ಒಲೆ ಮೇಲಿರೋ ಸಾರ್ನಾಗೆ ಕೈ ಆಕ್ದಂಗೆ! ನಾ ಕಳ್ಸಾಕಿಲ್ಲ." ಅವಳ ಮಾತು ಮೀರಿ ಬಾವ ಹೆಜ್ಜೆ ಇಡುವವನಲ್ಲ. ಎರಡು ದಿನ ತಟ್ಟಿಯ ಆಚೆ ಬರೀ ಅಕ್ಕನ ಉಸಿರಿನ ಸದ್ದು.

ಭಾನುವಾರ ಬೆಳಗ್ಗೆ ಆ ಮಹಾತಾಯಿ ಅಕ್ಕ ಗಂಡನನ್ನು ರಾಬರ್ಟ್‌ಸನ್‌ಪೇಟೆಗೆ ಕಳಿಸಿ ಮಟನ್ ಅಂಗಡಿಯಿಂದ ಒಂದು ಆಡಿನ ಗುಂಡಿಗೆ ತರಿಸಿದಳು! "ನನ್ನೊಳಗೆ ಏನೈತೆ ಅಂತ ನೋಡ್ದೆ ನಾ ಎಂಗ್ ಓಗ್ಲಿ? ಬಾರೇ ಇಲ್ಲಿ," ಅಂತ ನನ್ನನ್ನು ಕರೆದಳು. ಈಳಿಗೆಮಣೆಯ ಪಕ್ಕ ತಟ್ಟೆಯಲ್ಲಿ ಅದನ್ನಿಟ್ಟುಕೊಂಡು ಕೂತೆವು. ಇಷ್ಟು ದಿನ ಸಾರಿಗೆ ಹೆಚ್ಚಿ ಹಾಕಿದ್ದೆವಲ್ಲ, ಒಂದು ದಿನವಾದರೂ ಇದರೊಳಗೆ ಏನಿದೆ ಅಂತ ನೋಡಿದ್ದೆವಾ?

ಅಕ್ಕ ಕೊಬ್ಬು ಬಿಡಿಸಿದಳು. ಒಂದು ಪಕ್ಕದ ಗೋಡೆ ಮೆತ್ತಗೆ, ಇನ್ನೊಂದು ಪಕ್ಕದ್ದು ದಪ್ಪ, ಗಟ್ಟಿ. "ಇದೇ ಎಡಗಡೆ. ಮೈಗೆಲ್ಲ ರಕ್ತ ನೂಕೋದು ಇದೇ ಅಂತ ಡಾಕ್ಟ್ರು ಏಳಿದ್ರಲ್ಲ," ಅಂದಳು. ಮೇಲೆ ನಿಜವಾಗಿಯೂ ಕಿವಿ ಇತ್ತು, ಆಡಿನ ಮರಿಯ ಕಿವಿಯಷ್ಟೇ ಪುಟ್ಟದು. ಅದರ ತುದಿ ಕೊಯ್ದು, ಕಣ್ಣು ಮುಚ್ಚಿ, ತೋರುಬೆರಳು ಒಳಗಿಟ್ಟಳು. ಸ್ವಲ್ಪ ಹೊತ್ತು ತಡಕಾಡಿದಳು. ಆಮೇಲೆ ಅವಳ ಮುಖ... ಆ ಮುಖವನ್ನು ಹೇಗೆ ಹೇಳಲಿ!

"ಸಿಕ್ತು ಕಣೇ! ಬಾಗ್ಲು ಸಿಕ್ತು! ಬೆರಳು ಸಲೀಸಾಗಿ ಓಗ್ತದೆ!"

ನಾನೂ ತೂರಿಸಿದೆ. ತೆಳ್ಳಗಿನ ಪರದೆ ಬೆರಳಿನ ಎರಡೂ ಕಡೆಗೆ ತಾಗಿತು. ಆಮೇಲೆ ಸೀಳಿ ನೋಡಿದೆವು. ಬಿಳೀ ಪರದೆಗಳು, ಅವುಗಳ ಅಂಚಿನಿಂದ ಕೆಳಗಿನ ಗೋಡೆಗೆ ತೊಟ್ಟಿಲ ಹಗ್ಗದ ಹಾಗೆ ಸಣ್ಣ ಸಣ್ಣ ದಾರಗಳು. ಎಳೆದರೂ ಕಿತ್ತು ಬರುವುದಿಲ್ಲ! ಇಬ್ಬರೂ ಕಿರುಚಾಡುತ್ತಿದ್ದೆವು. ಮೂಗಿಗೆ ಸೆರಗು ಹಿಡಿದು ಬಾಗಿಲಲ್ಲಿ ನಿಂತಿದ್ದ ಅತ್ತಮ್ಮ ಯಾವಾಗ ಒಳಗೆ ಬಂದಳೋ ಗೊತ್ತಿಲ್ಲ. "ಎಲ್ಲಿ, ಸರೀರಿ ಅತ್ಲಾಗೆ," ಅಂತ ಕುಕ್ಕರಗಾಲಲ್ಲಿ ಕೂತಳು. ಸೆರಗು ಬಿಟ್ಟು, ಆ ಒರಟು ಬೆರಳಿನಿಂದ ಪರದೆಗಳನ್ನು ಸರಿಸಿ ಸರಿಸಿ ನೋಡಿದಳು. ಸೊಸೆಯ ಎದೆಯನ್ನೊಮ್ಮೆ ನೋಡಿದಳು.

"ನನ್ನಂತೋಳ ಬೆರಳಿಗೇ ಸಿಕ್ತು. ಓದಿರೋ ಡಾಕ್ಟ್ರಿಗೆ ಸಿಗಾಕಿಲ್ವಾ? ಓಗ್ಬಿಟ್ಟು ಬಾ," ಅಂದಳು.

ಆಮೇಲೆ ಅದನ್ನು ಮೆಣಸು ಹಾಕಿ ಹುರಿದದ್ದೂ ಅವಳೇ. ಅಕ್ಕ ಒಬ್ಬಳು ಮುಟ್ಟಲಿಲ್ಲ. "ಬಾಗ್ಲು ತಿನ್ನಾಕಿಲ್ಲ ನಾನು," ಅಂದಳು.

ಬಂಗಾರಪೇಟೆ ಸ್ಟೇಷನ್ನಿಗೆ ಬೀಳ್ಕೊಡಲು ಅರ್ಧ ಲೈನೇ ಬಂದಿತ್ತು, ಮದುವೆ ದಿಬ್ಬಣದ ಹಾಗೆ. ಯಾರೋ ವಡೆ ಕಟ್ಟಿಕೊಟ್ಟರು, ಯಾರೋ ಕುಂಕುಮ. ಅಕ್ಕ ಮಾತ್ರ ಕಿಟಕಿಯಿಂದ ಕೈಚಾಚಿ, "ನಿನ್ನ ಲೋಟ ಎಲ್ಲೇ?" ಅಂದಳು. ಮೊದಲೇ ಹೇಳಿದ್ದಳು, ತಂದಿದ್ದೆ. ಅಲ್ಲಿ ಮಂಚದ ಪಕ್ಕ ಇಟ್ಟುಕೊಳ್ಳುತ್ತೇನೆ ಅಂತ ಮಡಿಲಲ್ಲಿ ಕಟ್ಟಿಕೊಂಡಳು. ಅತ್ತಮ್ಮ ಅವಳ ಪಕ್ಕ ಕೂತು ಯಾರ ಮುಖವನ್ನೂ ನೋಡಲಿಲ್ಲ. ಬಾವ ಗಂಟುಮೂಟೆ ಹೊತ್ತು ಹತ್ತಿದ, ರೈಲು ಹೊರಟಿತು.

ಆಮೇಲೆ ಕಾಯುವುದು... ತಟ್ಟಿಯ ಆಚೆಗೆ ಕಿವಿಗೊಟ್ಟರೆ ಏನೂ ಇಲ್ಲ. ಒಂದು ಬೆಳಗ್ಗೆ ನಲ್ಲಿಯ ಹತ್ತಿರ ನಿಂತಿದ್ದೆವು. ದಾರಿಯಲ್ಲಿ ಬಾವ ಬರುತ್ತಿದ್ದ. ಒಬ್ಬನೇ. ಕೈಯಲ್ಲಿ ಚೀಲ, ತಲೆ ತಗ್ಗಿಸಿದ್ದ. ತುಂಬಿದ ಬಿಂದಿಗೆ ಉಕ್ಕಿ ಹರಿದರೂ ಯಾರೂ ನಲ್ಲಿ ನಿಲ್ಲಿಸಲಿಲ್ಲ. ಅವನು ತಲೆ ಎತ್ತಿ ನಮ್ಮನ್ನು ನೋಡಿದ. ತೋರುಬೆರಳು ಮೇಲೆತ್ತಿ, ಬಾಗಿಲು ನೂಕುವ ಹಾಗೆ ಗಾಳಿಯಲ್ಲಿ ನೂಕಿದ. ಆಮೇಲೆ ಅತ್ತ, ನಕ್ಕ. "ತೆಗೀತು! ಬಾಗ್ಲು ತೆಗೀತು! ರಜಾ ಮುಗೀತು ಅಂತ ನಾ ಬಂದೆ, ಅವ್ವ ಅಲ್ಲೇ ಅವ್ಳೆ," ಅಂದ. ಹೋದ ಜೀವ ಬಂದಂತಾಯಿತು. ಅವನ ಬಾಯಿಗೆ ಸಕ್ಕರೆ ಹಾಕಿದವರು ಯಾರೋ, ನೆನಪಿಲ್ಲ.

ಅಕ್ಕ ಬಂದಳು, ಎದೆಯ ಪಕ್ಕದಿಂದ ಬೆನ್ನಿನವರೆಗೆ ಹೊಲಿಗೆ ಹಾಕಿಸಿಕೊಂಡು. ಹಳೇ ಜ್ವರ ಮರಳದಿರಲಿ ಅಂತ ತಿಂಗಳಿಗೊಂದು ಸೂಜಿ. ಅವಳು ಮಲಗಿ ನಿದ್ದೆ ಮಾಡತೊಡಗಿದಳು. ತಟ್ಟಿಯ ಆಚೆ ಸದ್ದೇ ಇಲ್ಲದ್ದಕ್ಕೆ ನನಗೇ ನಿದ್ದೆ ಬರುತ್ತಿರಲಿಲ್ಲ! ಬಿಂದಿಗೆ ಮುಟ್ಟಲು ಮಾತ್ರ ಅತ್ತಮ್ಮ ಬಿಡುತ್ತಿರಲಿಲ್ಲ. ಈಗ ಅವಳೇ ಹೊರುತ್ತಿದ್ದಳು, ಬಯ್ದುಕೊಂಡೇ.

ಕೆಲವು ತಿಂಗಳು ಕಳೆದ ಮೇಲೆ ಒಂದು ದಿನ ಇಬ್ಬರೂ ಮತ್ತೆ ನಮ್ಮ ಮನೆಯಲ್ಲಿ ಕೂತಿದ್ದೆವು. ನಡುವೆ ಅದೇ ಲೋಟ, ವೆಲ್ಲೂರಿನಿಂದ ಬಂದ ಮೇಲೂ ಅಕ್ಕ ಅದನ್ನು ಜೊತೆಗೇ ಇಟ್ಟುಕೊಳ್ಳುತ್ತಿದ್ದಳು. ತಟ್ಟೆಗಳು ಗಿಲಗಿಲ ಅಂದವು, ಗೂಡಿನಿಂದ ಡಬ್ಬಿಗಳು ಉರುಳಿದವು, ಲೋಟದ ನೀರು ತುಳುಕಿ ಚಾಪೆಯ ಮೇಲೆ ಚೆಲ್ಲಿತು. ಅಕ್ಕ ಚಪ್ಪಾಳೆ ತಟ್ಟಿದಳು. "ಈ ಸಲ ಭೂಮೀನೇ ಕಣೇ! ನಾನಲ್ಲ! ನಾನಲ್ಲ!"

ಮರುಕ್ಷಣ ಬಾಯಿಗೆ ಕೈ ಮುಚ್ಚಿಕೊಂಡಳು. ನಮ್ಮ ಮನೆಯವರದು ರಾತ್ರಿ ಶಿಫ್ಟು, ಆದರೆ ಬಾವ ಆ ಹೊತ್ತಿನ ಶಿಫ್ಟಿನಲ್ಲಿ ಒಳಗಿದ್ದ.

ಎದ್ದು ಓಡಿದಳು. ನಾನೂ ಹಿಂದೆ ಓಡಿದೆ. ಗಣಿ ಬಾಯಿಯ ಕಡೆಗೆ ಹೋಗುವ ದಾರಿ ಏರು. ಅಕ್ಕನ ಸೆರಗು ಮುಂದೆ ಮುಂದೆ ಹೋಗುತ್ತಿತ್ತು. ನನಗೆ ಏದುಸಿರು, ಪಕ್ಕೆ ಹಿಡಿದುಕೊಂಡು ನಿಂತೆ. ಅವಳು ನಿಲ್ಲಲಿಲ್ಲ! ಗಂಡಸರ ಗತಿ ಏನಾಯಿತೋ ಅನ್ನುವ ದಿಗಿಲಿನಲ್ಲೂ ನನಗೆ ಖುಷಿ ತಡೆಯಲಾಗಲಿಲ್ಲ, ಅಕ್ಕ ಓಡುತ್ತಿದ್ದಾಳೆ, ಅಕ್ಕ ಏರಿನಲ್ಲಿ ಓಡುತ್ತಿದ್ದಾಳೆ ಅಂತ. ಬಾವನ ಶಿಫ್ಟಿನವರು ತಡವಾಗಿ ಮೇಲೆ ಬಂದರು, ಎಲ್ಲರೂ ಬಂದರು. ಅವನು ಬಂದವನೇ ಅವಳನ್ನು ನೋಡಿ, "ಯಾರ್ ಕರ್ಕಂಬಂದ್ರು ನಿನ್ನ?" ಅಂದ. "ನಾನೇ ಓಡ್ಬಂದೆ," ಅಂದಳು. ಅವನಿಗೆ ಸಾವು ಪಕ್ಕದಲ್ಲಿ ಹಾದುಹೋದದ್ದು ಮರೆತೇ ಹೋಯಿತು. "ಓಡಿ ಬಂದ್ಯಾ? ಓಡ್ಕಂಡಾ?" ಅಂತ ಅದನ್ನೇ ಕೇಳುತ್ತಿದ್ದ.

ಆಮೇಲೆ ಅವಳಿಗೊಬ್ಬ ಮಗಳು ಹುಟ್ಟಿದಳು. ಬಾವ ಗಣಿ ಬಿಟ್ಟು ಬಂಗಾರಪೇಟೆ ಹತ್ತಿರದ ತಮ್ಮ ಊರಿಗೆ ಹೋದ. ಹೋಗುವಾಗ ಲೋಟ ನನಗೆ ವಾಪಸ್ ಕೊಟ್ಟಳು. ಮಗಳು ಲಂಗ ಉಡುವ ವಯಸ್ಸಿಗೆ ಬಂದಾಗ ಬಾಗಿಲು ಮತ್ತೆ ಬಿಗಿಯಿತಂತೆ. ಬೆರಳಿನಿಂದ ಬಿಡಿಸಿದ್ದು ಕೆಲವರಿಗೆ ಮತ್ತೆ ಅಂಟುತ್ತದಂತೆ. ಇನ್ನೊಂದು ಸಲ ವೆಲ್ಲೂರಿಗೆ ಹೊರಡಬೇಕು ಅಂತ ಬಟ್ಟೆಯೆಲ್ಲ ಒಗೆದು ಹಾಕಿದ್ದಳು. ಹೊರಡುವ ಮುಂಚೆಯೇ... ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅತ್ತಮ್ಮ ಗೋಡೆಗೆ ಒರಗಿ, ತನ್ನ ತೋರುಬೆರಳನ್ನು ನೋಡುತ್ತಾ ಕೂತಿದ್ದಳು.

ಮೊನ್ನೆ ಸೊಸೆ ನನ್ನನ್ನು ಬಿಡಲಿಲ್ಲ, ಸ್ಕ್ಯಾನಿಂಗಿಗೆ ಕರೆದುಕೊಂಡು ಹೋದಳು. ಎದೆಗೆ ತಣ್ಣನೆಯ ಜೆಲ್ ಹಚ್ಚಿ ಒಬ್ಬ ಹುಡುಗಿ ಏನನ್ನೋ ಒತ್ತಿ ಹಿಡಿದಳು. ಪರದೆಯ ಮೇಲೆ ಬೂದು ಬಣ್ಣದಲ್ಲಿ ಏನೋ ಪಟಪಟ ಅನ್ನುತ್ತಿತ್ತು. "ಅದೇನಮ್ಮಾ?" ಅಂದೆ. "ನಿಮ್ಮ ಹಾರ್ಟ್ ವಾಲ್ವ್ ಅಜ್ಜಿ. ಚೆನ್ನಾಗೇ ಇದೆ. ಬಡಿತ ಮಾತ್ರ ಸ್ವಲ್ಪ ತಪ್ಪುತ್ತಿದೆ, ಮಾತ್ರೆ ಕೊಡ್ತಾರೆ," ಅಂತ ಪರದೆಯನ್ನು ನನ್ನ ಕಡೆ ತಿರುಗಿಸಿದಳು.

ಎರಡು ರೆಕ್ಕೆ. ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಈಳಿಗೆಮಣೆಯ ಪಕ್ಕ ತಟ್ಟೆಯಲ್ಲಿ ನಾವು ನೋಡಿದ್ದು ಸತ್ತದ್ದು. ಇದು ಬದುಕಿತ್ತು, ಕುಣಿಯುತ್ತಿತ್ತು! ತನ್ನದನ್ನು ಅಕ್ಕ ಒಂದು ಸಲವೂ ನೋಡಲಿಲ್ಲ. ವೆಲ್ಲೂರಿನ ಯಾರೋ ಡಾಕ್ಟರ ಬೆರಳಿಗಷ್ಟೇ ಅದು ಗೊತ್ತಿತ್ತು. "ಅಕ್ಕಾ, ಇಲ್ಲಿ ನೋಡೇ, ಬಾಗಿಲು..." ಅಂತ ಎದ್ದು ಕೂರಲು ಹೋದೆ.

"ಮಾತಾಡಬೇಡಿ ಅಜ್ಜಿ. ಒಂದ್ನಿಮಿಷ ಉಸಿರು ಹಿಡ್ಕೊಳ್ಳಿ," ಅಂದಳು ಹುಡುಗಿ.

ಹಿಡಿದುಕೊಂಡೆ.