ಮೈಕಕ್ಕ ಸ್ವಿಚ್ಚು ಆರಿಸಲು ಮರೆತ ದಿನ

ಬಸ್ ನಿಲ್ದಾಣದಲ್ಲಿ ಎಲ್ಲರೂ ಅವಳನ್ನು ಮೈಕಕ್ಕ ಎಂದೇ ಕರೆಯುತ್ತಾರೆ. ಅವಳ ಮುಖ ನೋಡಿದವರು ಕಡಿಮೆ, ದನಿ ಕೇಳದವರು ಇಲ್ಲ. ವಿಚಾರಣೆ ಕೌಂಟರಿನ ಹಿಂದೆ ಒಂದು ಕುರ್ಚಿ, ಒಂದು ಫ್ಯಾನು, ಒಂದು ಮೈಕು ಹಿಡಿಸುವಷ್ಟೇ ಜಾಗವಿರುವ ಗಾಜಿನ ಕೋಣೆಯಲ್ಲಿ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ, ಯಾವುದು ರದ್ದು ಎಂದು ಹೇಳುವುದು ಅವಳ ಕೆಲಸ. ಆ ದನಿಗೆ ಏರಿಳಿತವಿಲ್ಲ. ಬಸ್ಸು ಬಂದಿದೆ ಎನ್ನುವಾಗಲೂ ಅದೇ ದನಿ, ಕೊನೆಯ ಬಸ್ಸು ಹೋಗಿಬಿಟ್ಟಿದೆ ಎನ್ನುವಾಗಲೂ ಅದೇ ದನಿ. ಒಮ್ಮೆ ನಿಲ್ದಾಣದ ಹೋಟೆಲಿನ ಅಡುಗೆಮನೆಗೆ ಬೆಂಕಿ ಹತ್ತಿದಾಗ ಅವಳು ಅದನ್ನು ಹೇಳಿದ ರೀತಿಗೆ ಅರ್ಧ ಜನ ಆಕಳಿಸುತ್ತಲೇ ಎದ್ದು ಹೊರಗೆ ನಡೆದರಂತೆ. ನೂಕುನುಗ್ಗಲಿಲ್ಲದೆ ಎಲ್ಲರೂ ಪಾರಾದರು ಎಂಬುದೂ ನಿಜ.

ಅವಳದೊಂದು ಹಟವಿತ್ತು. ಬಸ್ಸಿನ ಮೂತಿ ಕಣ್ಣಿಗೆ ಬೀಳದೆ ಬಸ್ಸು ಬಂತೆಂದು ಹೇಳುವವಳಲ್ಲ. ಡಿಪೋದವರು ಫೋನ್ ಮಾಡಿ "ಹೊರಟಾಯ್ತು, ಇನ್ನೇನು ಬಂದೇಬಿಡ್ತು, ಹೇಳ್ಬಿಡಿ" ಎಂದರೆ, "ಬರ್ಲಿ, ಹೇಳ್ತೀನಿ" ಎನ್ನುತ್ತಾಳೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ಅವರ ಮಾತು ನಂಬಿ ಹೇಳಿಬಿಟ್ಟಿದ್ದಳು. ಜನ ಮಕ್ಕಳನ್ನು ಕಂಕುಳಲ್ಲಿ, ಮೂಟೆಗಳನ್ನು ತಲೆಯ ಮೇಲೆ ಇಟ್ಟುಕೊಂಡು ಎದ್ದೆನೋ ಬಿದ್ದೆನೋ ಎಂದು ಓಡಿದರು. ಬಸ್ಸು ದಾರಿಯಲ್ಲೇ ಕೆಟ್ಟು ನಿಂತಿತ್ತು. ಆಮೇಲೆ ಒಬ್ಬ ಮುದುಕರು ಗಾಜಿನ ಹತ್ತಿರ ಬಂದು, ಏನೂ ಬೈಯದೆ, ಅವಳನ್ನು ಸುಮ್ಮನೆ ನೋಡಿ ಹೋದರು. ಬೈದಿದ್ದರೆ ಮರೆತುಬಿಡುತ್ತಿದ್ದಳು.

ಇಂಥವಳಿಗೆ ಗಂಡನಾಗಿ ಸಿಕ್ಕವನು ಪ್ಲಂಬರ್. ಬಾಯಿ ಬಿಟ್ಟರೆ "ಹತ್ತು ನಿಮಿಷದ ಕೆಲ್ಸ, ಬಿಡಿ" ಎನ್ನುವವನು. ಗೋಡೆ ಒಡೆದು, ಮಧ್ಯಾಹ್ನ ದಾಟಿ, ಮನೆಯವರು ಪಕ್ಕದ ಮನೆಯಿಂದ ನೀರು ಹೊತ್ತು ತರುತ್ತಿದ್ದರೂ ಅವನ ಪಾಲಿಗೆ ಇನ್ನೂ ಹತ್ತೇ ನಿಮಿಷ ಬಾಕಿ. ಸುಳ್ಳುಗಾರನೇನಲ್ಲ; ಹೇಳುವ ಹೊತ್ತಿಗೆ ಅದು ಅವನಿಗೂ ನಿಜವೇ. ಸ್ವಂತ ಮನೆಯ ನಲ್ಲಿ ಮಾತ್ರ ಮದುವೆಯಾದಾಗಿನಿಂದ ತೊಟ್ಟಿಕ್ಕುತ್ತಿತ್ತು. ಆ ಮನೆಯಲ್ಲಿ ಇವರಿಬ್ಬರ ಜೊತೆಗೆ ಅವನ ತಾಯಿ, ಮತ್ತು ನಾಲ್ಕು ವರ್ಷದ ಮಗಳು. ಹುಟ್ಟಿದಾಗ ದುಂಡಗಿದ್ದಳೆಂದು ಅವಳಿಗೆ ಬಟಾಣಿ ಎಂಬ ಹೆಸರು ಬಿದ್ದು, ಅದೇ ಉಳಿದುಕೊಂಡಿತ್ತು. ಅತ್ತೆ ಬಾಯಿ ಜೋರು, ಮನಸ್ಸು ಮೆತ್ತಗೆ. ಸೊಸೆಯ ಮೇಲೆ ಅವರ ದೂರು ಒಂದೇ: ಮನೆಯಲ್ಲೂ ಆಕೆಯದು ಬಸ್‌ಸ್ಟ್ಯಾಂಡಿನ ದನಿ, ಒಳಗೇನಿದೆ ಎಂದು ದೇವರಿಗೇ ಗೊತ್ತು.

ಬಟಾಣಿಗೆ ಜ್ವರ ಬಂತು, ಬಿಟ್ಟಿತು, ಮತ್ತೆ ಬಂತು. ಎಲ್ಲೂ ಬಿದ್ದು ಪೆಟ್ಟು ಮಾಡಿಕೊಳ್ಳದಿದ್ದರೂ ಕಾಲ ಮೇಲೆ ನೀಲಿ ಕಲೆಗಳು ಎದ್ದವು. ಬೀದಿಯ ಕೊನೆಯ ಡಾಕ್ಟರು ರಕ್ತ ಪರೀಕ್ಷೆಯ ಚೀಟಿ ನೋಡಿ, ಫೀಸು ತೆಗೆದುಕೊಳ್ಳದೆ ದೊಡ್ಡಾಸ್ಪತ್ರೆಗೆ ಕಳಿಸಿದರು. ಫೀಸು ಬೇಡವೆಂದಾಗಲೇ ಮೈಕಕ್ಕನಿಗೆ ಅರ್ಧ ಗೊತ್ತಾಗಿತ್ತು. ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಎದುರು ಕೂತು ಬಿಡಿಸಿ ಹೇಳಿದರು. ರಕ್ತದ ಕ್ಯಾನ್ಸರ್. ಮಕ್ಕಳಿಗೆ ಬರುವ ಈ ಬಗೆಯಲ್ಲಿ ಹೆಚ್ಚಿನವರು ಗುಣವಾಗುತ್ತಾರೆ, ಆದರೆ ದಾರಿ ಉದ್ದ. ಮೊದಲ ಸುತ್ತಿನ ಔಷಧಿ ಮುಗಿದ ಮೇಲೆ ಮೂಳೆಯ ಒಳಗಿನ ಮಜ್ಜೆ ತೆಗೆದು ಪರೀಕ್ಷೆ ಮಾಡುತ್ತಾರೆ. ಕೆಟ್ಟ ಕಣಗಳು ಹೋಗಿದ್ದರೆ ಇದೇ ದಾರಿಯಲ್ಲಿ ಮುಂದೆ. ಉಳಿದಿದ್ದರೆ ಇನ್ನೂ ಕಠಿಣವಾದ ಔಷಧಿ. ಅದನ್ನು ಇಷ್ಟು ಚಿಕ್ಕ ಮೈ ಹೇಗೆ ತಡೆದುಕೊಳ್ಳುತ್ತದೋ ಈಗಲೇ ಹೇಳಲಾಗದು.

"ಹೋಗಿರುತ್ತೆ ಬಿಡಿ ಡಾಕ್ಟ್ರೇ, ನಮ್ಮ ಬಟಾಣಿ ಗಟ್ಟಿ" ಎಂದ ಗಂಡ.

"ಅದು ಯಾವಾಗ ಗೊತ್ತಾಗುತ್ತೆ?" ಎಂದು ಕೇಳಿದಳು ಮೈಕಕ್ಕ, ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದ ಹಾಗೆ.

ಹೊರಗೆ ಬೆಂಚಿನ ಮೇಲೆ ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದರು. ಒಣಗಿದ ಕಣ್ಣಿನ ಸೊಸೆಯನ್ನು ನೋಡಿ, "ಹೆತ್ತವಳಿಗೇ ಸಂಕಟ ಇಲ್ವಲ್ಲಪ್ಪಾ" ಎಂದು ಮಗನ ಕಡೆ ತಿರುಗಿ ಹೇಳಿದರು. ಮೈಕಕ್ಕನಿಗೆ ಕೇಳಿಸಿತು. ಅವಳಿಗೆ ಭಯವಾಗಿತ್ತು. ಒಂದು ಸಲ ದನಿ ಒಡೆದರೆ ಮತ್ತೆ ಕೂಡಿಸಲು ತನ್ನಿಂದ ಆಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಬಿಗಿಹಿಡಿದು ನಿಂತಿದ್ದಳು, ಅಷ್ಟೆ.

ಬಟಾಣಿಯನ್ನು ವಾರ್ಡಿಗೆ ಸೇರಿಸಿಕೊಂಡರು. ಅಲ್ಲಿಂದ ಮನೆಯ ದಿನಚರಿಯೆಲ್ಲ ಬುಡಮೇಲಾಯಿತು. ಇದ್ದ ರಜೆ ಕರಗಿದ ಮೇಲೆ ಮೈಕಕ್ಕ ಬೆಳಗಿನ ಪಾಳಿ ಕೇಳಿ ಹಾಕಿಸಿಕೊಂಡಳು. ಬೆಳಿಗ್ಗೆ ಗಂಡ ಆಸ್ಪತ್ರೆಯಲ್ಲಿ; ಮಧ್ಯಾಹ್ನದ ಮೇಲೆ ಅವಳು ಹೋದರೆ ಅವನು ಪೈಪು, ಸ್ಪ್ಯಾನರು ಹೊತ್ತು ಕೆಲಸಕ್ಕೆ. ಅತ್ತೆ ಊಟದ ಕ್ಯಾರಿಯರ್ ಹಿಡಿದು ಮಧ್ಯಾಹ್ನದ ಬಸ್ಸು ಹತ್ತುತ್ತಿದ್ದರು. ಗಂಡ ಹೆಂಡತಿ ಮಾತಾಡುವುದೇನಿದ್ದರೂ ವಾರ್ಡಿನ ಬಾಗಿಲಲ್ಲಿ, ಚಪ್ಪಲಿ ಹಾಕಿಕೊಳ್ಳುವಷ್ಟು ಹೊತ್ತಿನಲ್ಲಿ. "ಜ್ವರ ಇಲ್ಲ, ವಾಂತಿ ಒಂದ್ಸಲ, ಅಮ್ಮ ಬೈದ್ರು" ಎಂದು ಅವನು. "ಗೀಸರ್ ಮನೆಯವ್ರು ಎರಡು ಸಲ ಫೋನ್ ಮಾಡಿದ್ರು, ಹತ್ತು ನಿಮಿಷ ಮುಗೀತಾ ಅಂತ" ಎಂದು ಅವಳು. ಸುಮ್ಮನೆ ಕೂತು ಅಭ್ಯಾಸವಿಲ್ಲದ ಅವನು ವಾರ್ಡಿನಲ್ಲಿ ಸೋರುತ್ತಿದ್ದ ನಲ್ಲಿಗಳನ್ನೆಲ್ಲ ಯಾರೂ ಹೇಳದೆಯೇ ಸರಿಮಾಡಿದ್ದ. ಮನೆಯದು ತೊಟ್ಟಿಕ್ಕುತ್ತಲೇ ಇತ್ತು.

ಬಟಾಣಿ ಮೊದಮೊದಲು ರಕ್ತ ತೆಗೆಯಲು ಬಂದವರನ್ನು ಹತ್ತಿರ ಸೇರಿಸಲಿಲ್ಲ. ಅಪ್ಪ "ಏನೂ ಆಗಲ್ಲ ಚಿನ್ನಾ, ಇರುವೆ ಕಚ್ಚಿದ ಹಾಗೆ" ಎಂದು ಹಿಡಿದುಕೊಂಡರೆ, ಅವಳು ಸಿಸ್ಟರ ಕೈಯನ್ನೇ ಕಚ್ಚಿದಳು. ಇರುವೆ ಯಾವುದೆಂದು ಅಲ್ಲಿ ಎಲ್ಲರಿಗೂ ತಿಳಿಯಿತು. ಮರುದಿನ ಮೈಕಕ್ಕ ಮುಷ್ಟಿಯನ್ನು ಬಾಯಿಯ ಹತ್ತಿರ ಹಿಡಿದು, ತನ್ನ ದನಿಯಲ್ಲೇ ಶುರುಮಾಡಿದಳು:

"ಪ್ರಯಾಣಿಕರ ಗಮನಕ್ಕೆ. ರಕ್ತ ತೆಗೆಯುವ ಸಿಸ್ಟರ್ ಬಾಗಿಲಿಗೆ ಬಂದಿದ್ದಾರೆ. ಸೂಜಿ ಒಂದೇ ಒಂದು. ನೋವಾಗುತ್ತದೆ. ಹತ್ತು ಎಣಿಸುವಷ್ಟರಲ್ಲಿ ಸೂಜಿ ಹೊರಡುತ್ತದೆ."

ಬಟಾಣಿ ಅಳು ನಿಲ್ಲಿಸಿ ಕೇಳಿದಳು. ನೋವಾಗುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಕೈ ಚಾಚಿದಳು, ಚೀರಿದಳು, ಎಂಟಕ್ಕೇ ಮುಗಿದದ್ದಕ್ಕೆ "ಬಸ್ಸು ಬೇಗ ಹೋಯ್ತು" ಎಂದು ತೀರ್ಪು ಕೊಟ್ಟಳು. ಅಂದಿನಿಂದ ಮಾತ್ರೆಯಾಗಲಿ, ಸ್ನಾನವಾಗಲಿ ಅನೌನ್ಸ್ ಆಗದೆ ನಡೆಯುವಂತಿರಲಿಲ್ಲ. ಪಕ್ಕದ ಮಂಚದ ಮಕ್ಕಳೂ ತಮಗೂ ಬೇಕೆಂದು ಹಟ ಹಿಡಿದರು. ಮೈಕಕ್ಕನಿಗೆ ಸಂಬಳವಿಲ್ಲದ ಎರಡನೇ ಪಾಳಿ ಅಂಟಿಕೊಂಡಿತು.

ಒಂದು ಸಂಜೆ ಕೆಲಸ ಮುಗಿಸಿ ಬಂದಾಗ ಮಗು ಗೆಲುವಾಗಿದ್ದುದನ್ನು ಕಂಡು ಗಂಡನಿಗೆ ತಡೆಯಲಾಗಲಿಲ್ಲ. "ನಾಳೆ ಮನೆಗೆ ಹೋಗೋಣ" ಎಂದುಬಿಟ್ಟ. ಬಟಾಣಿ ತನ್ನ ಪುಟ್ಟ ಚಪ್ಪಲಿ, ಬಾಚಣಿಗೆ ಎಲ್ಲ ಚೀಲಕ್ಕೆ ತುಂಬಿ, ಆಯಾ ಅವರಿಂದ ಹಿಡಿದು ಎಲ್ಲರಿಗೂ ಟಾಟಾ ಹೇಳಿ ಬಂದಳು. ಬಾಚಣಿಗೆಗೆ ಆಗ ಅವಳ ತಲೆಯಲ್ಲಿ ಕೆಲಸವೇನೂ ಉಳಿದಿರಲಿಲ್ಲ. ಆದರೂ ತನ್ನದು ತನ್ನದೇ. ಮರುದಿನ ಜ್ವರ ಏರಿತು. ಸೋಂಕೆಂದು ಒಬ್ಬಳನ್ನೇ ಬೇರೆ ಕೋಣೆಗೆ ಹಾಕಿದರು. ಜ್ವರ ಇಳಿದ ಮೇಲೂ ಅವಳು ಅಪ್ಪನ ಕಡೆ ತಿರುಗಲಿಲ್ಲ. ಗೋಡೆಯ ಕಡೆ ಮುಖ ಮಾಡಿ, ಬಾಯಿಗೆ ಮುಷ್ಟಿ ಹಿಡಿದು, "ಪ್ರಯಾಣಿಕರ ಗಮನಕ್ಕೆ. ಅಪ್ಪನ ಬಸ್ಸು ಬರಲ್ಲ" ಎಂದಳು.

ಅವನು ನಕ್ಕ. ನಕ್ಕು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತುಬಿಟ್ಟ. ಮೈಕಕ್ಕ ಹೋಗಿ ಪಕ್ಕದಲ್ಲಿ ಕೂತಳು. ಬೈಯಬೇಕೆಂದೇ ಹೋಗಿದ್ದಳು.

"ನೋಡ್ದೆ ಹೇಳ್ಬೇಡಿ ಕಣ್ರೀ" ಎಂದಳಷ್ಟೆ. "ನಂಗೆ ಬೇಕಾದ್ರೆ ಹೇಳಿ. ಅವಳಿಗೆ ಬೇಡ."

"ಹಾಗೆ ಹೇಳ್ದಿದ್ರೆ ನಂಗೆ ಉಸಿರಾಡೋಕೇ ಆಗಲ್ಲ ಕಣೇ" ಎಂದ ಅವನು. "ಅವಳಿಗಲ್ಲ ಹೇಳೋದು. ನಂಗೇ ಹೇಳ್ಕೊಳ್ಳೋದು."

ಇಷ್ಟು ವರ್ಷ ಸಂಸಾರ ಮಾಡಿ ಇದು ತನಗೆ ಹೊಳೆದಿರಲಿಲ್ಲವಲ್ಲ ಎನ್ನಿಸಿತು ಅವಳಿಗೆ. ತಾನು ದನಿ ಬಿಗಿಹಿಡಿದು ಬದುಕುವ ಹಾಗೆ ಇವನು ಬಾಯಿ ಸಡಿಲ ಬಿಟ್ಟು ಬದುಕುತ್ತಾನೆ, ಇಬ್ಬರಿಗೂ ಇರುವುದು ಒಂದೇ ಭಯ. ಅವನ ಕೈ ಹಿಡಿದುಕೊಂಡಳು.

ಮೊದಲ ಸುತ್ತಿನ ಔಷಧಿ ಮುಗಿಯಿತು. ಮಜ್ಜೆ ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬರುವುದಿದ್ದ ದಿನ ಮೈಕಕ್ಕನಿಗೆ ಪಾಳಿ ತಪ್ಪಿಸುವಂತಿರಲಿಲ್ಲ. ಬದಲಿಗೆ ಬರಬೇಕಾದವಳಿಗೆ ಗಂಟಲು ಕಟ್ಟಿತ್ತು. ಬೆಳಗಿನಿಂದ ಬಸ್ಸುಗಳನ್ನು ಹೇಳುತ್ತಲೇ ಇದ್ದಳು, ಕಣ್ಣು ಫೋನಿನ ಮೇಲೆ. ಮಧ್ಯಾಹ್ನದ ಹೊತ್ತಿಗೆ ಅತ್ತೆ ಕ್ಯಾರಿಯರ್ ಹಿಡಿದು ಬಂದು ಮೂರನೇ ಪ್ಲಾಟ್‌ಫಾರಂನ ಬೆಂಚಿನಲ್ಲಿ ಕೂತದ್ದು ಗಾಜಿನಿಂದ ಕಾಣಿಸಿತು. ಅತ್ತೆ ಎಂದೂ ಗಾಜಿನ ಕೋಣೆಯ ಹತ್ತಿರ ಬರುವವರಲ್ಲ. "ನಿನ್ನ ಕೆಲಸದ ಜಾಗ, ನಂಗೇನು ಅಲ್ಲಿ" ಎನ್ನುತ್ತಿದ್ದರು.

"ಪ್ರಯಾಣಿಕರ ಗಮನಕ್ಕೆ. ದೊಡ್ಡಾಸ್ಪತ್ರೆ ಮಾರ್ಗದ ಬಸ್ಸು ಮೂರನೇ ಪ್ಲಾಟ್‌ಫಾರಂನಲ್ಲಿ ನಿಂತಿದೆ" ಎಂದು ಅವಳು ಮುಗಿಸುವುದಕ್ಕೂ ಫೋನು ಹೊಡೆದುಕೊಳ್ಳುವುದಕ್ಕೂ ಸರಿಹೋಯಿತು. ಮಾತು ಮುಗಿದ ಕೂಡಲೇ ಮೈಕಿನ ಸ್ವಿಚ್ಚಿಗೆ ಹೋಗುವುದು ಅವಳ ಕೈಗೆ ಅಂಟಿದ ಅಭ್ಯಾಸ. ಅಂದು ಆ ಕೈ ಫೋನಿಗೆ ಹೋಯಿತು.

"ಹೇಳ್ರೀ. ವರದಿ ಬಂತಾ?"

"ಬಂತು ಕಣೇ. ಹೋಗಿದೆ. ಎಲ್ಲಾ ಹೋಗಿದೆ."

"ನೀವು ನೋಡಿದ್ರಾ, ಇಲ್ಲ ಸುಮ್ನೆ ಹೇಳ್ತಿದ್ದೀರಾ?"

"ಬೈಬೇಡ. ಈ ಸಲ ಡಾಕ್ಟ್ರನ್ನ ಪಕ್ಕದಲ್ಲೇ ನಿಲ್ಲಿಸ್ಕೊಂಡು ಮಾಡ್ತಿದ್ದೀನಿ ಫೋನು. ಕೊಡ್ತೀನಿ ತಡಿ."

ಡಾಕ್ಟರಮ್ಮ ನಿಧಾನವಾಗಿ ಹೇಳಿದರು. ಮಜ್ಜೆಯಲ್ಲಿ ಕ್ಯಾನ್ಸರ್ ಕಣ ಕಾಣಿಸುತ್ತಿಲ್ಲ. ಔಷಧಿ ಇನ್ನೂ ಬಹಳ ಕಾಲ ಕೊಡಬೇಕು, ಹುಷಾರಾಗಿರಬೇಕು. ಆದರೆ ಈ ಹಂತದಲ್ಲಿ ತಮಗೆ ಬೇಕಾಗಿದ್ದದ್ದು ಇದೇ.

"ಕ್ಯಾನ್ಸರ್ ಕಣ... ಹ್ಞೂಂ. ಹ್ಞೂಂ. ಇನ್ನೊಂದ್ಸಲ ಹೇಳಿ ಡಾಕ್ಟ್ರೇ" ಎಂದಳು ಮೈಕಕ್ಕ. ಇನ್ನೊಂದು ಸಲ ಕೇಳಿದಳು. "ಸರಿ. ಬರ್ತೀನಿ" ಎಂದು ಫೋನಿಟ್ಟಳು.

ತಲೆ ಎತ್ತಿದಾಗ ನಿಲ್ದಾಣ ಎಂದಿನಂತಿರಲಿಲ್ಲ. ಟೀ ಮಾರುವವನು ಕೆಟಲ್ ಹಿಡಿದು ನಿಂತಲ್ಲೇ ನಿಂತಿದ್ದ. ಕೂಗುವ ಕಂಡಕ್ಟರುಗಳ ಬಾಯಿಗೆ ಬೀಗ ಬಿದ್ದಿತ್ತು. ಮೂರನೇ ಪ್ಲಾಟ್‌ಫಾರಂನ ಬಸ್ಸಿನ ಕಿಟಕಿಗಳಲ್ಲೆಲ್ಲ ತಲೆಗಳು, ಎಲ್ಲರ ಕಣ್ಣೂ ಕಂಬದ ಮೇಲಿನ ಸ್ಪೀಕರಿನ ಕಡೆ. ಆ ಬಸ್ಸಿನ ಡ್ರೈವರ್, ನಿವೃತ್ತಿಗೆ ಹತ್ತಿರವಾದ ಹಿರಿಯರು, ಇಳಿದು ಬಂದು ಗಾಜು ತಟ್ಟಿದರು.

"ಮೈಕ್ ಆನ್ ಇದೆಯಮ್ಮಾ. ನೀನು ಹೇಳಿದ್ದೆಲ್ಲ ಕೇಳಿಸ್ತು. ಅವ್ರೇನು ಹೇಳಿದ್ರು ಅನ್ನೋದು ಕೇಳಿಸಲಿಲ್ಲ. ನಿನ್ನ ದನಿ ನೋಡಿದ್ರೆ ಯಾರಿಗೂ ಏನೂ ಗೊತ್ತಾಗಲ್ಲ. ಒಳ್ಳೇದೋ ಕೆಟ್ಟದೋ ಹೇಳ್ಬಿಡು ತಾಯಿ, ಗಾಡಿ ತೆಗೆಯೋಕೆ ಮನಸ್ಸು ಬರ್ತಿಲ್ಲ."

ಅವಳ ಕಣ್ಣು ಅವರನ್ನು ದಾಟಿ ಬೆಂಚಿಗೆ ಹೋಯಿತು. ಅತ್ತೆ ಕ್ಯಾರಿಯರನ್ನು ಎರಡೂ ಕೈಯಲ್ಲಿ ಎದೆಗೆ ಅವಚಿಕೊಂಡು ಕೂತಿದ್ದರು. ಕ್ಯಾನ್ಸರ್ ಕಣ, ಹ್ಞೂಂ, ಹ್ಞೂಂ, ಸರಿ. ಅವರ ಕಿವಿಗೆ ಬಿದ್ದದ್ದು ಅಷ್ಟೇ.

ಮೈಕಕ್ಕ ಮೈಕಿಗೆ ಬಾಗಿದಳು. "ಪ್ರಯಾಣಿಕರ ಗಮನಕ್ಕೆ" ಎಂದಳು. ಅಲ್ಲಿಗೆ ನಿಂತಿತು.

"ಅತ್ತೆ" ಎಂದಳು. "ಅತ್ತೆ, ಹೋಗಿದೆಯಂತೆ. ಡಾಕ್ಟ್ರೇ ನೋಡಿ ಹೇಳಿದ್ರು. ಒಂದೂ ಇಲ್ವಂತೆ. ನಮ್ಮ ಬಟಾಣಿಗೆ..."

ದನಿ ಒಡೆಯಿತು. ಇಷ್ಟು ದಿನ ಹಿಡಿದಿಟ್ಟದ್ದೆಲ್ಲ ಒಟ್ಟಿಗೇ ಬಂತು. ಬಿಕ್ಕುವುದು ಎಲ್ಲ ಪ್ಲಾಟ್‌ಫಾರಮ್ಮುಗಳಿಗೂ, ಟಿಕೆಟ್ ಕೌಂಟರಿನ ಸಾಲಿಗೂ, ಆಚೆ ಸೈಕಲ್ ಸ್ಟ್ಯಾಂಡಿಗೂ ಕೇಳಿಸಿತು. ಅತ್ತೆ ಎದ್ದರು. ಕ್ಯಾರಿಯರ್ ಬೆಂಚಿನ ಮೇಲೇ ಬಿಟ್ಟು, ಚಪ್ಪಲಿ ಒಂದು ಕಾಲಿಂದ ಜಾರಿದ್ದನ್ನೂ ಲೆಕ್ಕಿಸದೆ, ನಿಂತಿದ್ದ ಬಸ್ಸುಗಳ ನಡುವೆ ಹಾದು, ಪ್ರವೇಶವಿಲ್ಲ ಎಂದು ಬರೆದಿದ್ದ ಬಾಗಿಲು ತಳ್ಳಿಕೊಂಡು ಒಳಗೆ ಬಂದು ಸೊಸೆಯ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡರು.

"ನಾನು ಏನೇನೋ ಅಂದ್ಬಿಟ್ಟೆನಲ್ಲೇ ನಿಂಗೆ" ಎಂದರು ಅಳುತ್ತ. ಅದೂ ಊರಿಗೆಲ್ಲ ಕೇಳಿಸಿತು. ತಮ್ಮ ದನಿ ಹೊರಗಿನಿಂದ ಅಷ್ಟು ದಪ್ಪಗೆ ವಾಪಸು ಬಂದದ್ದಕ್ಕೆ ಬೆಚ್ಚಿ, ಗಡಿಬಿಡಿಯಲ್ಲಿ ಕೈಗೆ ಸಿಕ್ಕ ಸ್ವಿಚ್ಚು ಒತ್ತಿದರು. ಫ್ಯಾನು ನಿಂತಿತು.

"ಅದು ಫ್ಯಾನು ಅತ್ತೆ" ಎಂದಳು ಮೈಕಕ್ಕ, ಸೆರಗಿನ ಒಳಗಿಂದ.

ಹೊರಗೆ ಮೊದಲು ನಕ್ಕವರು ಡ್ರೈವರ್. ಆಮೇಲೆ ಬಸ್ಸಿಗೆ ಬಸ್ಸೇ ನಕ್ಕಿತು. ಕಣ್ಣೊರೆಸಿಕೊಂಡವರೂ ಇದ್ದರು, ಆಸ್ಪತ್ರೆಯ ಬಸ್ಸು ಹತ್ತುವವರಿಗೆ ತಮ್ಮ ತಮ್ಮದು ಒಂದೊಂದು ಇದ್ದೇ ಇರುತ್ತದೆ. ವಿಚಾರಣೆ ಕೌಂಟರಿನವರು ಎದ್ದು ಬಂದು, "ನೀವು ಹೊರಡಿ ಅಕ್ಕಾ, ಮಿಕ್ಕಿದ್ದು ನಾನು ಹೇಗೋ ಕೂಗ್ತೀನಿ" ಎಂದು ಕುರ್ಚಿ ಹಿಡಿದರು. ಟೀ ಮಾರುವವನು ಬೆಂಚಿನಿಂದ ಕ್ಯಾರಿಯರನ್ನೂ ಅತ್ತೆಯ ಒಂಟಿ ಚಪ್ಪಲಿಯನ್ನೂ ತಂದು ಬಸ್ಸಿನ ಬಾಗಿಲಲ್ಲಿ ಹಿಡಿದು ನಿಂತಿದ್ದ.

ಮೂರನೇ ಪ್ಲಾಟ್‌ಫಾರಂನ ಬಸ್ಸು ಅಂದು ತಡವಾಗಿ ಹೊರಟಿತು. ಅದು ಹೊರಟದ್ದನ್ನು ಮೈಕಿನಲ್ಲಿ ಯಾರೂ ಹೇಳಲಿಲ್ಲ. ಹೇಳಬೇಕಾದವಳು ಅದರೊಳಗೆ, ಅತ್ತೆಯ ಪಕ್ಕದಲ್ಲಿ, ಕಿಟಕಿಯ ಕಡೆ ಮುಖ ಮಾಡಿ ಇನ್ನೂ ಅಳುತ್ತ ಕೂತಿದ್ದಳು.