ಮಣ್ಣಿನ ಗಾಳಿ ಅಳೆಯೋ ಮೇಷ್ಟ್ರು

ನಮ್ಮ ದೇವಸಮುದ್ರದ ಕಡೆ ಮಣ್ಣಿನಿಂದ ಏಳೋ ರೇಡಾನ್ ಅನಿಲ ಅಳೆಯೋಕೆ ಕಾಲೇಜಿನ ಮೇಷ್ಟ್ರೊಬ್ಬರು ಬರ್ತಿದ್ರು. ಗುಂಡಿ ತೋಡೋನು ನಾನು. ನನ್ನಷ್ಟು ನೆಟ್ಟಗೆ ಯಾರೂ ತೋಡ್ತಿರಲಿಲ್ಲ. ಮೇಷ್ಟ್ರು ಗುಂಡಿಯೊಳಗೆ, ಅನಿಲದ ಗುರುತು ಹಿಡಿಯೋ ಫಿಲ್ಮ್ ಅಂಟಿಸಿದ ಲೋಟ ಬೋರಲು ಹಾಕಿ, ಮಣ್ಣು ಮುಚ್ಚಿ, ಮೆಲ್ಲಗೆ ತಟ್ಟೋರು. ಯಾರು ಕೇಳಿದ್ರೂ "ಹೆದರಬೇಡಿ, ಬರೀ ಅಳತೆ" ಅನ್ನೋರು.

ಒಂದಿನ ನೀರು ಕುಡಿಯೋಕೆ ನಮ್ಮನೆಗೆ ಬಂದ್ರು. ಹೆಂಡತಿ ಹಸಿ ಬಾಣಂತಿ. ಗಾಳಿ ತಾಕಬಾರದು ಅಂತ ಅವ್ವ ಕಿಟಕಿಗೆ ಗೋಣಿಚೀಲ ತುರುಕಿದ್ದಳು. ಮೇಷ್ಟ್ರು ಚೊಂಬು ಕೆಳಗಿಟ್ಟರು.

"ಮುಚ್ಚಿದ ಕೋಣೇಲಿ ಆ ಅನಿಲ ತುಂಬಿಕೊಳ್ಳುತ್ತೆ, ಒಳ್ಳೇದಲ್ಲ. ಸ್ವಲ್ಪ ತೆಗೀರಮ್ಮ."

"ಕೂಸಿಗೆ ಶೀತ ಆದ್ರೆ ನಿಮ್ಮ ಲೋಟ ಬಂದು ನೋಡ್ಕಂತೈತೇನ್ರಿ?" ಅಂದಳು ಅವ್ವ.

"ನಮ್ಮನೇಲಿ ಎಷ್ಟೈತೆ ಸಾರ್?" ಅಂದೆ.

"ಇಲ್ಲಿ ಅಳೆದಿಲ್ಲವಲ್ಲಪ್ಪ."

ಅವ್ವ, ಮೇಷ್ಟ್ರು ಇಬ್ಬರೂ ನನ್ನ ಮುಖ ನೋಡಿದರು. ಚೀಲ ಎಳೆದೆ. ಗಾಳಿ ನುಗ್ಗಿತು. ಕೂಸು ಸೀನಿತು.

ನನಗಿಂತ ಮೊದಲು ಮೇಷ್ಟ್ರ ಮುಖ ಬಿಳುಚಿತು.